ಮಹಾಯೋಜನೆಯ ಕರಡು ನಕ್ಷೆಯಲ್ಲಿ ಹಳ್ಳಗಳೇ ಇಲ್ಲ: ಆಕ್ಷೇಪಣೆಯಲ್ಲಿ ಏನು ಬರೆಯಬೇಕು?

ಹಳ್ಳದ ದಂಡೆ (ಕೊಪ್ಪಳ ಜಿಲ್ಲೆ):
ನಮ್ಮ ಪಟ್ಟಣದ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ಕರಡನ್ನು ಸಾರ್ವಜನಿಕರ ಪರಿಶೀಲನೆಗೆ ಇಟ್ಟಿದ್ದಾರೆ. ಯೋಜನಾ ಪ್ರಾಧಿಕಾರದ ಕಚೇರಿಯ ಗೋಡೆಗೆ ಅಂಟಿಸಿರುವ ಭೂಬಳಕೆ ನಕ್ಷೆಯಲ್ಲಿ ದೊಡ್ಡ ಕೆರೆಗೆ ಮಾತ್ರ ನೀಲಿ ಬಣ್ಣವಿದೆ. ಆ ಕೆರೆಗೆ ನೀರು ತರುವ ಎರಡು ಹಳ್ಳಗಳು, ಕೋಡಿ ಬಿದ್ದಾಗ ನೀರು ಹರಿದುಹೋಗುವ ನಾಲಾ, ಊರ ಮೂಡಣಕ್ಕಿರುವ ಸಣ್ಣ ಹೊಂಡ ಇವೆಲ್ಲ ವಸತಿ ವಲಯದ ಹಳದಿಯಲ್ಲಿ ಮುಚ್ಚಿಹೋಗಿವೆ. ವಿಚಾರಿಸಿದಾಗ, ಕೆರೆ–ಹಳ್ಳಗಳಿಗೆ ಬೇರೆ ಕಾನೂನುಗಳಿರುವುದರಿಂದ ನಕ್ಷೆಯಲ್ಲಿ ತೋರಿಸದಿದ್ದರೂ ತೊಂದರೆಯಿಲ್ಲ ಎಂಬ ಉತ್ತರ ಬಂತು. ಈ ಮಾತು ಸರಿಯೇ? ಆಕ್ಷೇಪಣೆ ಸಲ್ಲಿಸುವುದಾದರೆ ಅದರಲ್ಲಿ ಏನೇನು ಇರಬೇಕು? ಬಲ್ಲವರು ದಯವಿಟ್ಟು ತಿಳಿಸಿ.

ಹಳೇ ಸರಪಳಿ:
ನಾನು ಭೂಮಾಪನದ ಕೆಲಸ ಮಾಡಿ ನಿವೃತ್ತನಾದವನು. ತಾವು ಮೊದಲು ಮಾಡಬೇಕಾದದ್ದು ಗ್ರಾಮ ನಕ್ಷೆಯನ್ನು ಕರಡು ನಕ್ಷೆಯ ಪಕ್ಕದಲ್ಲಿಟ್ಟು ನೋಡುವುದು. ಗ್ರಾಮ ನಕ್ಷೆಯಲ್ಲಿ ಹಳ್ಳವು ಯಾವ ಸರ್ವೆ ನಂಬರಿನ ಯಾವ ಬದಿಯಿಂದ ಹೊಕ್ಕು ಎಲ್ಲಿ ಹೊರಬರುತ್ತದೆ ಎಂಬುದು ಸ್ಪಷ್ಟವಾಗಿರುತ್ತದೆ. ಆ ಪ್ರತಿಯೊಂದು ನಂಬರಿನ ಪಹಣಿ ತೆಗೆಸಿ ಖರಾಬು (ಕಂದಾಯ ಹಾಕದೆ ಬಿಟ್ಟ ಜಾಗ) ಕಲಂ ನೋಡಿ. 'ಅ' ಖರಾಬು ಎಂದರೆ ಸಾಗುವಳಿಗೆ ಬಾರದ ಜಾಗ. ಜನರು ಬಳಸುವ ದಾರಿ, ಸ್ಮಶಾನ, ಇತರರ ನೀರಾವರಿಗೂ ಒದಗುವ ಕೆರೆ ಮತ್ತು ಹಳ್ಳಗಳು 1966ರ ಭೂಕಂದಾಯ ನಿಯಮಗಳ ಪ್ರಕಾರ 'ಬ' ಖರಾಬು. ಎನ್‌ಎ (ಕೃಷಿಯೇತರ ಬಳಕೆಗೆ ಪರಿವರ್ತನೆ) ಮಾಡಿಸಿ ಪ್ಲಾಟು ಹಾಕುವವರು ಈ 'ಬ' ಖರಾಬನ್ನು ರಸ್ತೆಯೊಳಗೋ ಉದ್ಯಾನದೊಳಗೋ ಸೇರಿಸಿ ತೋರಿಸುವುದು ಹೊಸದೇನಲ್ಲ. ಆಮೇಲೆ ಆ ಹಳ್ಳ ಎರಡಡಿಯ ಸಿಮೆಂಟ್ ಪೈಪಿನೊಳಗೆ ಹರಿಯಬೇಕಾಗುತ್ತದೆ, ದೊಡ್ಡ ಮಳೆ ಬಂದ ದಿನ ಅದು ಪೈಪಿನ ಮಾತು ಕೇಳುವುದಿಲ್ಲ.

ನಮ್ಮ ಭಾಗದ್ದು ನಿಜಾಮರ ಆಡಳಿತದಲ್ಲಿದ್ದ ಪ್ರದೇಶವಾದ್ದರಿಂದ ಹಳೆಯ ದಾಖಲೆಗಳು ಉರ್ದುವಿನಲ್ಲಿರುತ್ತವೆ. ಖಾಸ್ರಾ ಪಹಣಿ ಎಂಬ ಹಳೆಯ ಜಮೀನು ದಾಖಲೆಯ ನಕಲು ಸಿಕ್ಕರೆ ಓದಬಲ್ಲವರಿಂದ ಓದಿಸಿಕೊಳ್ಳಿ, ಈಗಿನ ಪಹಣಿಯಲ್ಲಿ ಕಾಣದ ನಾಲಾ ಕೆಲವೊಮ್ಮೆ ಅಲ್ಲಿ ಸಿಗುತ್ತದೆ. ನಿಂತ ಜಾಗದ ಸರ್ವೆ ನಂಬರು ತೋರಿಸುವ ಸರ್ಕಾರದ ದಿಶಾಂಕ್ ಆ್ಯಪಿನಲ್ಲಿ ಹಳ್ಳದ ಗುಂಟ ನಡೆದು ನಂಬರುಗಳನ್ನು ತಾಳೆ ನೋಡಬಹುದು, ಆದರೆ ಆಕ್ಷೇಪಣೆಗೆ ಲಗತ್ತಿಸಬೇಕಾದದ್ದು ದೃಢೀಕೃತ ನಕಲನ್ನೇ. "ಹಳ್ಳ ಉಳಿಸಿ" ಎಂದು ನೂರು ಜನ ಸಹಿ ಮಾಡಿದ ಮನವಿಗಿಂತ, ಇಂಥ ಸರ್ವೆ ನಂಬರಿನಲ್ಲಿ ಇಷ್ಟು ಗುಂಟೆ 'ಬ' ಖರಾಬು ಇದೆ, ಅದನ್ನು ವಸತಿಯಿಂದ ತೆಗೆದು ಜಲಕಾಯವೆಂದು ಗುರುತಿಸಿ ಎಂಬ ಒಂದು ಹಾಳೆಗೆ ತೂಕ ಹೆಚ್ಚು.

ಕರಿ ಕೋಟು:
ತಮಗೆ ಸಿಕ್ಕ ಉತ್ತರ ಅರ್ಧ ಸತ್ಯ. ಬೇರೆ ಕಾನೂನುಗಳಿವೆ ನಿಜ, ಆದರೆ ಅವು ಎಲ್ಲ ಜಲಕಾಯಗಳನ್ನೂ ಒಳಗೊಳ್ಳುವುದಿಲ್ಲ. 2017ರ ಜೌಗು ಪ್ರದೇಶ ನಿಯಮಗಳು ನದಿಪಾತ್ರ, ಭತ್ತದ ಗದ್ದೆ ಹಾಗೂ ನೀರಾವರಿಗಾಗಿ ಅಥವಾ ಕುಡಿಯುವ ನೀರಿಗಾಗಿಯೇ ಮನುಷ್ಯರು ಕಟ್ಟಿದ ಜಲಕಾಯಗಳನ್ನು ತಮ್ಮ ವ್ಯಾಖ್ಯೆಯಿಂದ ಹೊರಗಿಟ್ಟಿವೆ. ನಮ್ಮ ಕಡೆಯ ಕೆರೆಗಳಲ್ಲಿ ಹೆಚ್ಚಿನವು ಅಂಥವೇ. ಹಿಂದೆ ಬಳ್ಳಾರಿ ಜಿಲ್ಲೆಯಲ್ಲಿದ್ದು ಈಗ ವಿಜಯನಗರಕ್ಕೆ ಸೇರಿರುವ ಅಂಕಸಮುದ್ರವೂ ಕಟ್ಟಿದ ಕೆರೆಯೇ. ಅದು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಗಿ, 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿದ್ದು ಅಲ್ಲಿಗೆ ಬರುವ ಕೊಕ್ಕರೆಗಳ ಪುಣ್ಯದಿಂದ. ಎಲ್ಲ ಊರಿನ ಹೊಂಡಕ್ಕೂ ಆ ಭಾಗ್ಯ ಇರುವುದಿಲ್ಲ.

ಇನ್ನೊಂದು ಅಂಶ ಇದಕ್ಕಿಂತ ಮುಖ್ಯವಾದದ್ದು. ಬೆಂಗಳೂರಿನಲ್ಲಿ ಕೆರೆಯ ಸುತ್ತ 75 ಮೀಟರ್ ಬಿಡಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಆದೇಶಿಸಿತ್ತು, ಅಲ್ಲಿನ ಮಹಾಯೋಜನೆಯಲ್ಲಿ ಇದ್ದದ್ದು 30 ಮೀಟರ್. ಮಹಾಯೋಜನೆಯು ಶಾಸನಬದ್ಧವಾದದ್ದು, ನ್ಯಾಯಮಂಡಳಿ ಅದನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಮಾರ್ಚ್‌ನಲ್ಲಿ ಆ 75 ಮೀಟರ್ ಅಂತರವನ್ನು ರದ್ದುಪಡಿಸಿತು. ಅಂದರೆ ಯೋಜನೆಯಲ್ಲಿ ಬರೆಸದೆ ಬಿಟ್ಟದ್ದನ್ನು ಮುಂದೆ ಕೋರ್ಟಿನಲ್ಲಿ ಪಡೆಯುವುದು ಬಹಳ ಕಷ್ಟ. ಆದ್ದರಿಂದ ನಕ್ಷೆಯ ಬಣ್ಣದ ಜೊತೆಗೆ ಯಾವ ವಲಯದಲ್ಲಿ ಏನು ಕಟ್ಟಬಹುದೆಂದು ಹೇಳುವ ವಲಯ ನಿಯಮಾವಳಿಯ ಪಠ್ಯವನ್ನೂ ಓದಿ, ಹಳ್ಳ ಮತ್ತು ನಾಲಾಗಳಿಗೆ ಎಷ್ಟು ಮೀಟರ್ ಬಿಡಬೇಕು, ಅದನ್ನು ನಡುಮಧ್ಯದಿಂದ ಅಳೆಯುತ್ತಾರೋ ಅಂಚಿನಿಂದಲೋ ಎಂಬುದನ್ನು ಬರೆಸಿ. ಬೆಂಗಳೂರಿನ ಅದೇ ಯೋಜನೆಯಲ್ಲಿ ರಾಜಕಾಲುವೆಗಳಿಗೆ (ಮಳೆನೀರು ಹರಿಯುವ ಕಾಲುವೆಗಳಿಗೆ) ದರ್ಜೆಗೆ ತಕ್ಕಂತೆ ನಡುಮಧ್ಯದಿಂದ 50, 25 ಮತ್ತು 15 ಮೀಟರ್ ಇಟ್ಟಿದ್ದರು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 13ನೇ ಪ್ರಕರಣದಂತೆ ಆಕ್ಷೇಪಣೆಗೆ ಪ್ರಕಟಣೆಯಿಂದ 60 ದಿನಗಳ ಅವಕಾಶವಿರುತ್ತದೆ.

ಕಾರಟಗಿ ಗದ್ದೆ:
ವಕೀಲರ ಮಾತಿಗೆ ನನ್ನದೊಂದು ತಕರಾರಿದೆ. ಎರಡೂ ದಂಡೆಗೆ ಮೂವತ್ತು ಮೀಟರ್ ಎಂದು ಗೆರೆ ಎಳೆದುಬಿಟ್ಟರೆ ಒಂದೆಕರೆ ಇರುವ ರೈತನಿಗೆ ಉಳಿಯುವುದೇನು? ಹಳ್ಳದ ಪರವಾಗಿ ನಿಲ್ಲಬೇಕಾದವನೇ ಹಳ್ಳದ ವೈರಿಯಾಗುತ್ತಾನೆ. ಕಟ್ಟಡ, ಮಣ್ಣು ತುಂಬುವುದು, ಕಾಂಪೌಂಡ್ ಇವಿಷ್ಟನ್ನು ನಿಷೇಧಿಸಿ, ಸಾಗುವಳಿ ಎಂದಿನಂತೆ ನಡೆಯಬಹುದು ಎಂಬ ಸಾಲನ್ನು ಅದೇ ನಿಯಮದಲ್ಲಿ ಸೇರಿಸಲು ಕೇಳಿ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗಿನ ನಮ್ಮ ಗದ್ದೆಗಳ ಬಸಿನೀರು ಹೊರಹೋಗುವುದೇ ಈ ಹಳ್ಳಗಳ ಮೂಲಕ. ಕೆಳಗೆ ಯಾರಾದರೂ ಮಣ್ಣು ಹಾಕಿ ತಡೆದರೆ ನೀರು ಹಿಂದಕ್ಕೆ ನಿಂತು, ಬದುವಿನ ಮೇಲೆ ಬಿಳಿ ಉಪ್ಪು ಕಾಣಿಸಿಕೊಂಡು, ಭೂಮಿ ಸವಳು–ಜವಳಾಗುತ್ತದೆ. ಆಕ್ಷೇಪಣೆಗೆ ಮೇಲ್ಭಾಗದ ರೈತರ ಸಹಿಯೂ ಇರಲಿ, ಅವರ ನಷ್ಟವನ್ನು ಅಧಿಕಾರಿಗಳು ತಳ್ಳಿಹಾಕಲಾರರು.

ಹಳ್ಳದ ದಂಡೆ:
ಎಲ್ಲರಿಗೂ ವಂದನೆಗಳು. ಎರಡು ಹಳ್ಳಗಳಲ್ಲಿ ಒಂದರ ಮೂಲ ಯೋಜನಾ ಪ್ರದೇಶದ ಗಡಿಯಿಂದಾಚೆ, ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿದೆ. ಅದಕ್ಕೆ ಏನು ಮಾಡುವುದು?

ಹಳೇ ಸರಪಳಿ:
ಗಡಿಯಾಚೆಗೆ ಈ ಯೋಜನೆ ಅನ್ವಯಿಸುವುದಿಲ್ಲ. ಹಳ್ಳದ ಭಾಗವನ್ನು ಅಳತೆ ಮಾಡಿಸಿ ಗಡಿಕಲ್ಲು ಹಾಕಿಸುವಂತೆ ಗ್ರಾಮಸಭೆಯಲ್ಲಿ ಠರಾವು ಮಾಡಿಸಿ ತಹಶೀಲ್ದಾರರಿಗೆ ಕಳುಹಿಸಿ. ಹಿರೇಹಳ್ಳದಲ್ಲಿ 2019ರಲ್ಲಿ ಕೊಪ್ಪಳದ ಗವಿಮಠದ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಜನರೇ ಹೂಳು–ಜಾಲಿ ತೆಗೆದದ್ದನ್ನು ಜಿಲ್ಲೆಯೆಲ್ಲ ಕಂಡಿದೆ, ಹಾಗಾಗಿ ಹಳ್ಳದ ವಿಷಯಕ್ಕೆ ಸಭೆಯಲ್ಲಿ ಜನ ಕಿವಿಗೊಡುತ್ತಾರೆ. ಪ್ರಾಧಿಕಾರಕ್ಕೆ ಕೊಡುವ ಆಕ್ಷೇಪಣೆಯನ್ನು ಮಾತ್ರ ಅದಕ್ಕಾಗಿ ತಡಮಾಡಬೇಡಿ, ಎರಡನೇ ಪ್ರತಿಯ ಮೇಲೆ ದಿನಾಂಕದ ಸ್ವೀಕೃತಿ ಮುದ್ರೆ ಹಾಕಿಸಿಕೊಂಡೇ ಬನ್ನಿ.