ನರ್ಸಿಂಗ್ ಬಿಟ್ಟು ಆಸ್ಪತ್ರೆ ಸಾಫ್ಟ್‌ವೇರ್ ಕಡೆ ಹೋಗಬಹುದಾ?

ಕೆರಗೋಡು_ಸಿಸ್ಟರ್:
ಬಿ.ಎಸ್ಸಿ ನರ್ಸಿಂಗ್ ಓದಿ ಮಂಡ್ಯದ ಖಾಸಗಿ ಆಸ್ಪತ್ರೆಯೊಂದರ ಐಸಿಯುನಲ್ಲಿದ್ದೇನೆ. ನೈಟ್ ಡ್ಯೂಟಿ ಸಾಕಾಗಿದೆ, ಸೊಂಟ ನೋವು ಬೇರೆ. ಜರ್ಮನ್ ಕಲಿತು ಹೊರಡು ಅಂತ ಎಲ್ಲರೂ ಹೇಳುತ್ತಾರೆ, ಮಗು ಚಿಕ್ಕದು, ಆಗಲ್ಲ. ಮೆಡಿಕಲ್ ಕೋಡಿಂಗ್ ಒಳ್ಳೇದು ಅಂದರು. ಅದಕ್ಕೆ ಪೈಥಾನ್ ಥರ ಪ್ರೋಗ್ರಾಮಿಂಗ್ ಎಲ್ಲ ಬರಬೇಕಾ? ಮೈಸೂರಿನಲ್ಲಿ ಒಂದು ಕಡೆ ಕೆಲಸ ಗ್ಯಾರಂಟಿ ಅಂತ ಹೇಳಿ ಪೂರ್ತಿ ಫೀಸು ಮೊದಲೇ ಕೇಳುತ್ತಿದ್ದಾರೆ. ಕಟ್ಟಲಾ?

ಚಾರ್ಟ್_ಓದುವವ:
ಕಟ್ಟಬೇಡಿ ಮೇಡಂ. ಗ್ಯಾರಂಟಿ ಕೊಡುವುದು ಕಂಪನಿ, ಕೋಚಿಂಗ್‌ನವರಲ್ಲ.
ಪೈಥಾನ್ ಏನೂ ಬೇಡ. ಡಾಕ್ಟರ್ ಬರೆದ ನೋಟ್ಸ್ ಓದಿ ಕಾಯಿಲೆಗೆ ಐಸಿಡಿ-10-ಸಿಎಂ, ಚಿಕಿತ್ಸೆಗೆ ಸಿಪಿಟಿ ಸಂಕೇತ ಹಾಕುವ ಕೆಲಸ. ಹೆಚ್ಚಿನದು ಅಮೆರಿಕದ ಇನ್ಶೂರೆನ್ಸ್ ಬಿಲ್ಲಿಗೆ. ಟೈಪ್ 2 ಶುಗರ್ ಮಾತ್ರ ಇದ್ದರೆ ಇ11.9, ಅದರಿಂದ ಕಿಡ್ನಿಗೂ ತೊಂದರೆ ಆಗಿದ್ದರೆ ಇ11.22 ಹಾಕಿ, ಕಿಡ್ನಿ ಯಾವ ಹಂತದಲ್ಲಿದೆ ಅಂತ ಇನ್ನೊಂದು ಕೋಡ್ ಸೇರಿಸಬೇಕು. ಐಸಿಯು ಚಾರ್ಟ್ ನೋಡಿರುವ ನಿಮಗೆ ಇದು ಬೇಗ ಹತ್ತುತ್ತದೆ. ಎಎಪಿಸಿ ಅನ್ನುವ ಅಮೆರಿಕದ ಕೋಡಿಂಗ್ ಸಂಸ್ಥೆಯವರ ಸಿಪಿಸಿ ಪರೀಕ್ಷೆಯಲ್ಲಿ 100 ಪ್ರಶ್ನೆ, 4 ಗಂಟೆ, ಕೋಡ್ ಪುಸ್ತಕ ನೋಡಿಕೊಂಡೇ ಬರೆಯಬಹುದು. ಅನುಭವ ಇಲ್ಲದವರಿಗೆ ಸರ್ಟಿಫಿಕೇಟಿನಲ್ಲಿ ಸಿಪಿಸಿ-ಎ (ಎ ಅಂದರೆ ಅಪ್ರೆಂಟಿಸ್) ಅಂತ ಬರುತ್ತದೆ, ಮೊದಲ ಕೆಲಸ ಸಿಗುವುದು ಅಲ್ಲೇ ಕಷ್ಟ. ಇನ್ನೊಂದು ಮಾತು, ಎಕ್ಸ್‌ರೇ ಥರದ ಸುಲಭದ ಚಾರ್ಟುಗಳನ್ನು ಈಗ ಸಾಫ್ಟ್‌ವೇರೇ ಕೋಡ್ ಮಾಡುತ್ತಿದೆ.

ಒಂಟಿಕೊಪ್ಪಲ್_ಐಟಿ:
ನಾನು ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಅಳವಡಿಸುವ ಟೀಮಿನಲ್ಲಿದ್ದೇನೆ, ಮೈಸೂರು. ನಿಮಗೆ ಕೋಡಿಂಗಿಗಿಂತ ಈ ಕಡೆಯೇ ಸರಿ ಅನ್ನಿಸುತ್ತದೆ. ನಮ್ಮ ಇಂಜಿನಿಯರುಗಳಿಗೆ ಎಲ್ಲ ಗೊತ್ತು, ವಾರ್ಡ್ ಒಂದು ಗೊತ್ತಿಲ್ಲ. ಒಂದು ಡೋಸ್ ಕೊಟ್ಟೆ ಅಂತ ಹಾಕೋಕೆ ನಾಲ್ಕು ಸ್ಕ್ರೀನ್ ದಾಟಿಸುತ್ತಾರೆ, ಆಮೇಲೆ ಸಿಸ್ಟರ್‌ಗಳು ಪೇಪರ್‌ನಲ್ಲಿ ಬರೆದಿಟ್ಟುಕೊಂಡು ಶಿಫ್ಟ್ ಮುಗಿಯುವಾಗ ಎಲ್ಲ ಒಟ್ಟಿಗೆ ತುಂಬುತ್ತಾರೆ, ಅಲ್ಲಿಗೆ ಡೋಸ್ ಕೊಟ್ಟ ಟೈಮೆಲ್ಲ ಸುಳ್ಳು. ಇದು ಯಾಕೆ ಆಗುತ್ತದೆ ಅಂತ ಮೀಟಿಂಗಿನಲ್ಲಿ ಹೇಳಬಲ್ಲವರು ನಿಮ್ಮಂಥವರೇ.
ಕಲಿಯಬೇಕಾದ್ದು ಸ್ವಲ್ಪ ಎಸ್‌ಕ್ಯುಎಲ್ (ಡೇಟಾಬೇಸಿನಿಂದ ಮಾಹಿತಿ ಹುಡುಕಿ ತೆಗೆಯುವ ಭಾಷೆ), ಆಮೇಲೆ ಎಫ್‌ಎಚ್‌ಐಆರ್, ಅಂದರೆ ಒಂದು ಆಸ್ಪತ್ರೆಯ ದಾಖಲೆ ಇನ್ನೊಂದಕ್ಕೆ ಅರ್ಥವಾಗುವಂತೆ ಕಳಿಸುವ ವಿಧಾನ. 2021ರ ಸೆಪ್ಟೆಂಬರಿನಲ್ಲಿ ದೇಶಕ್ಕೆಲ್ಲ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಇದನ್ನೇ ಬಳಸುತ್ತದೆ. ರೋಗಿಗಳ ಹತ್ತಿರ 14 ಅಂಕಿಯ ಆಭಾ ನಂಬರ್ ನೋಡಿರುತ್ತೀರಲ್ಲ, ಅದು ಇದರದ್ದೇ. ಎಫ್‌ಎಚ್‌ಐಆರ್ ನಿಯಮಗಳು ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಶುರುವಿನಲ್ಲಿ ಸಂಬಳ ಈಗಿನಷ್ಟೇ ಇದ್ದರೂ ಆಶ್ಚರ್ಯ ಪಡಬೇಡಿ.

ಸುಮ್ನೆ_ಒಬ್ಬ:
ವರ್ಕ್ ಫ್ರಮ್ ಹೋಮ್ ನಂಬಿಕೊಂಡು ರಾಜೀನಾಮೆ ಕೊಡಬೇಡಿ ತಾಯಿ. ಇಂಥ ಕೆಲಸ ಜಾಸ್ತಿ ಇರುವುದು ಬೆಂಗಳೂರಿನಲ್ಲಿ, ಮಂಡ್ಯದಿಂದ ಹತ್ತಿರ ಹತ್ತಿರ 100 ಕಿಲೋಮೀಟರ್. ಅಳವಡಿಸುವ ಕೆಲಸಕ್ಕೆ ಊರೂರು ಸುತ್ತಬೇಕು, ಐಟಿಯವರು ಅದನ್ನು ಹೇಳಲೇ ಇಲ್ಲ. ನರ್ಸಿಂಗ್ ಕೌನ್ಸಿಲ್ ನೋಂದಣಿಯನ್ನು ಮಾತ್ರ ಯಾವತ್ತೂ ಬಿಡಬೇಡಿ.

ಒಂಟಿಕೊಪ್ಪಲ್_ಐಟಿ:
ಸುತ್ತಾಟ ಇದೆ, ಒಪ್ಪಿದೆ. ಸಪೋರ್ಟ್, ಟ್ರೈನಿಂಗ್ ಕಡೆ ಕಡಿಮೆ.

ಕೆರಗೋಡು_ಸಿಸ್ಟರ್:
ಶಿಫ್ಟ್ ಮುಗಿಯುವಾಗ ತುಂಬುವ ವಿಷಯ ಓದಿ ನಗು ಬಂತು, ನಮ್ಮಲ್ಲೂ ಅದೇ ಕಥೆ. ಹೊಸ ಸಾಫ್ಟ್‌ವೇರ್ ಹಾಕುತ್ತಾರಂತೆ, ವಾರ್ಡಿನವರಿಗೆ ಹೇಳಿಕೊಡೋಕೆ ಒಬ್ಬರು ಬೇಕು ಅಂತ ಮೇಟ್ರನ್ ಕೇಳುತ್ತಿದ್ದರು. ಹೆಸರು ಕೊಡಲಾ? ಎಸ್‌ಕ್ಯುಎಲ್ ಎಲ್ಲಿ ಕಲಿಯೋದು?

ಒಂಟಿಕೊಪ್ಪಲ್_ಐಟಿ:
ನಾಳೆಯೇ ಕೊಡಿ. ಆ ಕೆಲಸವನ್ನು ರೆಸ್ಯೂಮೆಯಲ್ಲಿ ಮೊದಲ ಸಾಲಿಗೇ ಹಾಕಿ. ಎಸ್‌ಕ್ಯುಎಲ್ ಅನ್ನು ಐಐಟಿಗಳ ಆನ್‌ಲೈನ್ ಪಾಠಗಳ ತಾಣ ಎನ್‌ಪಿಟಿಇಎಲ್‌ನಲ್ಲಿ ನೋಡಿ, ಪಾಠಕ್ಕೆ ದುಡ್ಡಿಲ್ಲ, ಸರ್ಟಿಫಿಕೇಟ್ ಬೇಕಾದರೆ ಮಾತ್ರ ಪರೀಕ್ಷೆ ಫೀಸು.