ಘಾಟಿ ಹತ್ತುವಾಗ ಮಾತ್ರ ಫ್ಯೂಸ್ ಹೋಗುತ್ತಿದೆ: ಮ್ಯಾನಿಫೋಲ್ಡ್ ಬಿಸಿಗೆ ವೈರಿಂಗ್ ಸುಟ್ಟಿದೆಯೇ?

ಉಪ್ಪಿನಂಗಡಿ_1200

1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್, 11 ವರ್ಷ ಹಳೆಯದು. ಊರೊಳಗೆ ಏನೂ ತೊಂದರೆಯಿಲ್ಲ. ಗುಂಡ್ಯ ದಾಟಿ ಶಿರಾಡಿ ಘಾಟಿಯಲ್ಲಿ ಲಾರಿಗಳ ಹಿಂದೆ ಎರಡನೇ ಗೇರಿನಲ್ಲಿ ಹದಿನೈದು ನಿಮಿಷ ತೆವಳಿದರೆ ಇಂಜಿನ್ ಲೈಟ್ ಬರುತ್ತದೆ. ಸ್ಕ್ಯಾನರಿನಲ್ಲಿ ಪಿ0135, ಪಿ0141 ಎರಡೂ ದೋಷದ ಕೋಡ್ ಇವೆ. 15 ಆಂಪಿಯರ್ ಫ್ಯೂಸ್ ಹೋಗಿರುತ್ತದೆ. ಹೊಸದು ಹಾಕಿದರೆ ಮುಂದಿನ ಘಾಟಿಯವರೆಗೆ ಸುಮ್ಮನಿರುತ್ತದೆ. ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಎರಡು ಆಕ್ಸಿಜನ್ ಸೆನ್ಸರ್‌ಗಳಲ್ಲಿ ಮುಂಭಾಗದ್ದನ್ನು ಬದಲಿಸಿಯಾಯಿತು, ಉಪಯೋಗವಾಗಲಿಲ್ಲ. ಮ್ಯಾನಿಫೋಲ್ಡ್ (ಇಂಜಿನ್ ಹೊಗೆ ಹೊರಬರುವ ಪೈಪು) ಪಕ್ಕದ ವೈರಿಂಗ್ ಮೇಲಿನ ಕರಿ ಸುರುಳಿ ಪೈಪು ಮುಟ್ಟಿದರೆ ಹಪ್ಪಳದ ಹಾಗೆ ಪುಡಿಯಾಗುತ್ತಿದೆ. ಅದರ ಮೇಲೆ ಗ್ಲಾಸ್‌ಫೈಬರ್ ಸ್ಲೀವ್ ಹಾಕಿದರೆ ಸಾಕೇ? 25 ಆಂಪಿಯರ್ ಫ್ಯೂಸ್ ಹಾಕಿ ನೋಡಿ ಎನ್ನುವವರೂ ಇದ್ದಾರೆ.

ಹಳೇಪಾನಾ

ದೊಡ್ಡ ಫ್ಯೂಸಿನ ಯೋಚನೆ ಬಿಡಿ ಸಾರ್. ಬಿಸಿಯಾದ ಮೇಲೆ ಒಂದು ಸೆನ್ಸರಿನ ಹೀಟರ್ ಎಳೆಯುವುದು ಸುಮಾರು ಒಂದು ಆಂಪಿಯರ್. ಎರಡು ಸೆನ್ಸರ್ ಸೇರಿದರೂ 15 ಆಂಪಿಯರ್ ಫ್ಯೂಸ್ ಹಾರುವಷ್ಟು ಲೋಡ್ ಅದಲ್ಲ. ಪ್ಲಸ್ ವೈರು ಎಲ್ಲೋ ಲೋಹಕ್ಕೆ ತಾಗುತ್ತಿದೆ. ಫ್ಯೂಸ್ ದಪ್ಪವಾದರೆ 0.75 ಚದರ ಮಿ.ಮೀ. ವೈರೇ ಫ್ಯೂಸಿನ ಕೆಲಸ ಮಾಡುತ್ತದೆ, ಅದೂ ಹಾರ್ನೆಸ್ಸಿನ (ವೈರಿನ ಕಟ್ಟಿನ) ನಟ್ಟನಡುವೆ.

ಎರಡು ಕೋಡ್ ಒಟ್ಟಿಗೆ ಬಂದಿರುವುದೇ ಸುಳಿವು. 0135 ಮುಂದಿನ ಸೆನ್ಸರಿನ ಹೀಟರ್, 0141 ಹಿಂದಿನದರದ್ದು. ಎರಡೂ ಒಂದೇ ಫ್ಯೂಸಿನ ಮೇಲಿವೆ, ಫ್ಯೂಸ್ ಹೋದಾಗ ಎರಡೂ ಸತ್ತಿವೆ. ಸೆನ್ಸರ್ ಬದಲಿಸಿದ್ದು ದಂಡ.

ಘಾಟಿಯಲ್ಲೇ ಯಾಕೆ ಅಂದರೆ, ಲೋಡಿನಲ್ಲಿ ಮ್ಯಾನಿಫೋಲ್ಡ್ ಹೊರಮೈ 500 ಡಿಗ್ರಿ ದಾಟುವುದು ಮಾಮೂಲು, ತೆವಳುವ ಕಾರಿಗೆ ಎದುರುಗಾಳಿ ಇಲ್ಲ. ಮಾಮೂಲಿ ಪಿವಿಸಿ ವೈರಿನ ಮಿತಿ 80ರಿಂದ 105 ಡಿಗ್ರಿ. ಇನ್ನೊಂದು, ಕೆಳಗಿನ ಗೇರಿನಲ್ಲಿ ಎಳೆಯುವಾಗ ಇಂಜಿನ್ ತನ್ನ ಮೌಂಟಿನ ಮೇಲೆ ವಾಲುತ್ತದೆ, ಹಾರ್ನೆಸ್ಸನ್ನೂ ಎಳೆಯುತ್ತದೆ. ಮೆತ್ತಗಾದ ವೈರು ಆಗ ಬ್ರಾಕೆಟ್ಟಿಗೆ ಒತ್ತಿಕೊಳ್ಳುತ್ತದೆ. ತಣ್ಣಗಾದರೆ ಬಿಟ್ಟುಕೊಳ್ಳುತ್ತದೆ.

ಜಾಗ ಹುಡುಕಲು: ಎರಡೂ ಸೆನ್ಸರ್‌ಗಳ ಕಪ್ಲರ್ (ವೈರು ಜೋಡಿಸುವ ಪ್ಲಗ್) ಬಿಚ್ಚಿ, ಅದೇ ಫ್ಯೂಸಿನ ಮೇಲೆ ಬೇರೇನಾದರೂ ಇದ್ದರೆ ಅದನ್ನೂ ಬಿಚ್ಚಿ. ಫ್ಯೂಸಿನ ಜಾಗಕ್ಕೆ 12 ವೋಲ್ಟ್ 21 ವ್ಯಾಟ್ ಇಂಡಿಕೇಟರ್ ಬಲ್ಬ್ ಸಿಕ್ಕಿಸಿ ಕೀ ಆನ್ ಮಾಡಿ. ಬಲ್ಬ್ ಉರಿಯಬಾರದು. ಹಾರ್ನೆಸ್ಸನ್ನು ಒಂದು ಗೇಣಿನಷ್ಟೇ ಹಿಡಿದು ಅಲುಗಾಡಿಸುತ್ತ ಬನ್ನಿ. ಬಲ್ಬ್ ಮಿನುಗಿದ ಕಡೆ ಶಾರ್ಟ್ ಇದೆ. ಈ ಕೆಲಸ ಇಂಜಿನ್ ತಣ್ಣಗಿದ್ದಾಗ ಮಾಡಿ.

ಕಾರ್ಬನ್‌ಮಸಿ

ಅದಕ್ಕೂ ಮೊದಲು ಒಂದು ಪ್ರಶ್ನೆ: ಮ್ಯಾನಿಫೋಲ್ಡ್ ಮೇಲಿನ ತಗಡಿನ ಹೀಟ್ ಶೀಲ್ಡ್ ಇದೆಯೇ? 11 ವರ್ಷ ಸುಡದ ವೈರು ಈಗ ಸುಟ್ಟಿದೆ ಅಂದರೆ ಏನೋ ಬದಲಾಗಿದೆ. ತುಕ್ಕು ಹಿಡಿದ ಶೀಲ್ಡ್ ಗಡಗಡ ಸದ್ದು ಮಾಡುತ್ತದೆಂದು ಕಿತ್ತು ಬಿಸಾಡಿರುತ್ತಾರೆ. ಇಲ್ಲವೇ ಕ್ಲಚ್ ಕೆಲಸಕ್ಕೆ ಬಿಚ್ಚಿದ ಹಾರ್ನೆಸ್ಸನ್ನು ಹಳೇ ಕ್ಲಿಪ್ಪಿಗೆ ಕೂರಿಸಿರುವುದಿಲ್ಲ. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು, ಮ್ಯಾನಿಫೋಲ್ಡ್ ಪ್ಯಾಕಿಂಗ್ ಒಡೆದು ಬಿಸಿ ಗಾಳಿ ನೇರ ವೈರಿನ ಮೇಲೆ ಊದುತ್ತಿರುವುದು. ಚಳಿ ಸ್ಟಾರ್ಟಿನಲ್ಲಿ ಟಕ್ ಟಕ್ ಸದ್ದು, ಜಾಯಿಂಟಿನ ಸುತ್ತ ಬೂದು ಅಥವಾ ಕಪ್ಪು ಮಸಿ, ಇವು ಗುರುತು. ಆ ಊದುಗಾಳಿಗೆ ಯಾವ ಸ್ಲೀವೂ ತಡೆಯುವುದಿಲ್ಲ.

ಉಪ್ಪಿನಂಗಡಿ_1200

ಮಸಿ ಇಲ್ಲ, ಸದ್ದೂ ಇಲ್ಲ. ಶೀಲ್ಡ್ ಇಲ್ಲವೇ ಇಲ್ಲ, ಎರಡು ಬೋಲ್ಟ್ ತೂತು ಖಾಲಿ ಇವೆ. ಬಲ್ಬ್ ಪರೀಕ್ಷೆಯಲ್ಲಿ ಶಾರ್ಟ್ ಸಿಕ್ಕಿತು. ಮ್ಯಾನಿಫೋಲ್ಡಿಗೆ ಎರಡು ಬೆರಳು ದೂರದಲ್ಲಿ ಮೂರು ವೈರು ಒಂದಕ್ಕೊಂದು ಅಂಟಿಕೊಂಡಿವೆ, ಒಂದರಲ್ಲಿ ತಾಮ್ರ ಕಾಣುತ್ತಿದೆ.

ತಂತಿಮನೆ

ಹಾಗಾದರೆ ರಿಪೇರಿ ಹೀಗೆ. ಬ್ಯಾಟರಿ ಮೈನಸ್ ಬಿಚ್ಚಿ. ಸುಟ್ಟ ಜಾಗದಿಂದ ಎರಡೂ ಕಡೆ ಹಿಂದಕ್ಕೆ ಕತ್ತರಿಸುತ್ತ ಹೋಗಿ, ಎಳೆಗಳು ಹೊಳೆಯುವ ತಾಮ್ರದ ಬಣ್ಣಕ್ಕೆ ಬರುವವರೆಗೆ. ಕಪ್ಪಾದ ಎಳೆಗೆ ಕ್ರಿಂಪ್ (ಅಮುಕಿ ಕೂರಿಸುವ ಲೋಹದ ಜಾಯಿಂಟ್) ಹಿಡಿಯುವುದಿಲ್ಲ. ಹೊಸ ವೈರು ಅದೇ ದಪ್ಪದ್ದಿರಲಿ, ಆದರೆ ಪಿವಿಸಿ ಬೇಡ. ಕ್ರಾಸ್‌ಲಿಂಕ್ ಮಾಡಿದ ಎಕ್ಸ್‌ಎಲ್‌ಪಿಇ ಆಟೋ ವೈರು 125 ಡಿಗ್ರಿ ತಡೆಯುತ್ತದೆ. ಸಿಲಿಕೋನ್ ವೈರು 180 ತಡೆಯುತ್ತದಾದರೂ ಮೈ ಮೆತ್ತಗೆ, ಚೂಪು ಅಂಚು ತಾಗಿದರೆ ಸೀಳುತ್ತದೆ. ಪಿಟಿಎಫ್‌ಇ ವೈರು 260ರವರೆಗೆ ಸರಿ. ಬೆಂಗಳೂರಿಗೆ ಬಂದಾಗ ಎಸ್.ಪಿ. ರಸ್ತೆಯಲ್ಲಿ ಮೀಟರ್ ಲೆಕ್ಕದಲ್ಲಿ ಕೇಳಿ ನೋಡಿ, ವೈರಿನ ಮೈಮೇಲೆ ಡಿಗ್ರಿ ಅಚ್ಚಾಗಿರುವುದನ್ನೇ ತೆಗೆದುಕೊಳ್ಳಿ.

ಜಾಯಿಂಟ್ ಬಿಸಿ ಜಾಗದಲ್ಲಿ ಬರಕೂಡದು, ಮ್ಯಾನಿಫೋಲ್ಡಿನಿಂದ ಒಂದಡಿಯಾದರೂ ದೂರ ಇರಲಿ. ಬೆಸುಗೆ ಬೇಡ. ಮಾಮೂಲು ತವರ–ಸೀಸದ ಬೆಸುಗೆ 183 ಡಿಗ್ರಿಗೆ ಕರಗುತ್ತದೆ. ಕರಗದಿದ್ದರೂ ಬೆಸುಗೆ ಮುಗಿಯುವ ಅಂಚಿನಲ್ಲಿ ಎಳೆಗಳು ಗಡುಸಾಗಿ, ಅದುರಿ ಮುರಿಯುತ್ತವೆ. ಬಟ್ ಕ್ರಿಂಪ್ ಹಾಕಿ, ಅಂಟು ಇರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗುವ ಕೊಳವೆ) ಮುಚ್ಚಿ. ಮೂರು ಜಾಯಿಂಟೂ ಒಂದೇ ಕಡೆ ಬೇಡ, 40 ಮಿ.ಮೀ. ಅಂತರದಲ್ಲಿ ಹಿಂದೆಮುಂದೆ ಇರಲಿ.

ಸೆನ್ಸರಿನಿಂದ ಕಪ್ಲರ್‌ವರೆಗಿನ ಅದರದೇ ವೈರು ಸುಟ್ಟಿದ್ದರೆ ಅದನ್ನು ಜೋಡಿಸಲು ಹೋಗಬೇಡಿ. ಎಷ್ಟೋ ಆಕ್ಸಿಜನ್ ಸೆನ್ಸರ್‌ಗಳು ಹೋಲಿಕೆಗೆ ಬೇಕಾದ ಹೊರಗಾಳಿಯನ್ನು ವೈರಿನ ಎಳೆಗಳ ಸಂದಿಯಿಂದಲೇ ಎಳೆದುಕೊಳ್ಳುತ್ತವೆ. ಬೆಸುಗೆ, ಗ್ರೀಸ್, ಕಾಂಟ್ಯಾಕ್ಟ್ ಸ್ಪ್ರೇ ಆ ದಾರಿ ಮುಚ್ಚುತ್ತವೆ. ಹೀಟರ್ ಒಳ್ಳೆಯದಿದೆಯೇ ನೋಡಲು, ನಾಲ್ಕು ವೈರಿನ ಸೆನ್ಸರ್‌ಗಳಲ್ಲಿ ಸಾಮಾನ್ಯವಾಗಿ ಎರಡು ಬಿಳಿ ವೈರು ಹೀಟರಿನವು. ತಣ್ಣಗಿದ್ದಾಗ ಮಲ್ಟಿಮೀಟರ್ ಅವುಗಳ ನಡುವೆ ಕೆಲವೇ ಓಮ್ ತೋರಿಸಬೇಕು, ಒಂದು ತುದಿಯನ್ನು ಸೆನ್ಸರಿನ ಲೋಹದ ಮೈಗೆ ಹಿಡಿದರೆ ಸಂಪರ್ಕವೇ ತೋರಿಸಬಾರದು.

ಉಪ್ಪಿನಂಗಡಿ_1200

ಶೀಲ್ಡ್ ಸಿಗುವವರೆಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಸುತ್ತಬಹುದೇ? ಮ್ಯಾನಿಫೋಲ್ಡಿಗೇ ಬಟ್ಟೆ ಪಟ್ಟಿ ಸುತ್ತುತ್ತಾರಲ್ಲ, ಅದು?

ಕಾರ್ಬನ್‌ಮಸಿ

ಫಾಯಿಲ್ ಬೇಡ. ಹರಿದ ಚೂರು ಸ್ಟಾರ್ಟರ್ ಟರ್ಮಿನಲ್ ಮೇಲೆ ಬಿದ್ದರೆ ಬೇರೆಯೇ ಕಥೆ. ಮ್ಯಾನಿಫೋಲ್ಡಿಗೆ ಪಟ್ಟಿಯೂ ಬೇಡ. ಮಳೆಗಾಲದಲ್ಲಿ ನೀರು ಹಿಡಿದು ಪೈಪು ತುಕ್ಕಾಗುತ್ತದೆ, ಎಣ್ಣೆ ಸೋರಿದರೆ ಅದೇ ಬತ್ತಿಯಾಗುತ್ತದೆ, ಒಳಗೆ ಸಿಕ್ಕ ಬಿಸಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗುತ್ತದೆ.

ಶೀಲ್ಡ್ ಕಂಪನಿಯದೇ ತರಿಸಿ. ಸಿಗದಿದ್ದರೆ 0.5 ಮಿ.ಮೀ. ಸ್ಟೇನ್‌ಲೆಸ್ ತಗಡು ಸಾಕು. ದಪ್ಪಕ್ಕಿಂತ ಮುಖ್ಯವಾದದ್ದು ನಡುವಿನ ಗಾಳಿ: ಮ್ಯಾನಿಫೋಲ್ಡಿಗೂ ತಗಡಿಗೂ 10–15 ಮಿ.ಮೀ., ತಗಡಿಗೂ ವೈರಿಗೂ ಇನ್ನೂ ಹೆಚ್ಚು. ಬೋಲ್ಟಿನ ಅಡಿಗೆ ಸ್ಟೇನ್‌ಲೆಸ್ ಸ್ಪೇಸರ್ ಕೊಡಿ, ಒಂದು ತೂತನ್ನು ಉದ್ದುದ್ದ ಕೊರೆಯಿರಿ. ತಗಡು ಹಿಗ್ಗಲು ಜಾಗವಿಲ್ಲದಿದ್ದರೆ ಬೋಲ್ಟಿನ ಬುಡದಲ್ಲೇ ಬಿರಿಯುತ್ತದೆ. ಕಪ್ಪು ಪೇಂಟ್ ಹೊಡೆಯಬೇಡಿ, ಅದರ ಹೊಳಪೇ ಬಿಸಿಯನ್ನು ಹಿಂದೆ ಕಳಿಸುವುದು.

ಹಳೇಪಾನಾ

ಈಗ ನಿಮ್ಮ ಸ್ಲೀವ್. ಗ್ಲಾಸ್‌ಫೈಬರ್ ಬಿಸಿಯನ್ನು ತಡಮಾಡುತ್ತದೆ, ನಿಲ್ಲಿಸುವುದಿಲ್ಲ. ಒಳಗಿನ ವೈರಿಗೆ ಬಿಸಿ ಬಿಟ್ಟುಕೊಡಲು ಬೇರೆ ದಾರಿಯಿಲ್ಲ. ಸ್ಲೀವ್ ಲೋಹಕ್ಕೆ ತಾಗಿಕೊಂಡೇ ಇದ್ದರೆ ಅರ್ಧ ಗಂಟೆಯಲ್ಲಿ ಒಳಗೂ ಅಷ್ಟೇ ಬಿಸಿ. ಆದ್ದರಿಂದ ಮೊದಲು ವೈರಿನ ದಾರಿ ಬದಲಿಸಿ, 100 ಮಿ.ಮೀ. ದೂರ ಸಿಕ್ಕರೆ ಒಳ್ಳೆಯದು. ಸ್ಟೇನ್‌ಲೆಸ್ ಪಿ-ಕ್ಲಿಪ್ (ವೈರನ್ನು ಬೋಲ್ಟಿಗೆ ಹಿಡಿದಿಡುವ ಪಟ್ಟಿ), ಒಳಗೆ ಸಿಲಿಕೋನ್ ರಬ್ಬರ್ ಇರುವಂಥದ್ದು, 150 ಮಿ.ಮೀ.ಗೊಂದು. ಪ್ಲಾಸ್ಟಿಕ್ ಟೈ ಇಲ್ಲಿ ಉಳಿಯುವುದಿಲ್ಲ. ಇಂಜಿನ್‌ನಿಂದ ಕಾರಿನ ಬಾಡಿಯತ್ತ ದಾಟುವ ಕಡೆ ಒಂದು ಸಡಿಲ ಸುರುಳಿ ಬಿಡಿ.

ಆಮೇಲೆ ಹೊರಗೆ ಅಲ್ಯೂಮಿನಿಯಂ ಹೊದಿಕೆಯಿರುವ ಗ್ಲಾಸ್‌ಫೈಬರ್ ಸ್ಲೀವ್. ಒಳವ್ಯಾಸ ವೈರಿನ ಕಟ್ಟಿಗಿಂತ ಕಾಲು ಪಾಲು ಹೆಚ್ಚಿರಲಿ, ಬಿಸಿ ಜಾಗದ ಎರಡೂ ಕಡೆ 100 ಮಿ.ಮೀ. ಮುಂದೆ ಹೋಗಲಿ. ತುದಿಗೆ ತನಗೆ ತಾನೇ ಅಂಟುವ ಸಿಲಿಕೋನ್ ಟೇಪ್. ಪಿವಿಸಿ ಟೇಪ್ ಗೋಂದಾಗಿ ಇಳಿಯುತ್ತದೆ. ಇಳಿಜಾರಿನ ಕೆಳತುದಿ ಬಿಗಿಯಾಗಿ ಮುಚ್ಚಬೇಡಿ, ನಿಮ್ಮ ಕಡೆಯ ಮಳೆಗೆ ನೀರು ಇಳಿಯಬೇಕು. ಕತ್ತರಿಸುವಾಗ ಗ್ಲೌಸ್, ಮಾಸ್ಕ್ ಹಾಕಿ, ಆ ನೂಲು ಚರ್ಮಕ್ಕೆ ಹೋದರೆ ಎರಡು ದಿನ ತುರಿಕೆ.

ಉಪ್ಪಿನಂಗಡಿ_1200

ಎಲ್ಲ ಮುಗಿಯಿತು. ಘಾಟಿ ಹತ್ತಿ ಸಕಲೇಶಪುರದಲ್ಲಿ ನಿಲ್ಲಿಸಿದೆ, ಫ್ಯೂಸ್ ಇದೆ. ಇನ್‌ಫ್ರಾರೆಡ್ ಗನ್ನಿನಲ್ಲಿ ಸ್ಲೀವ್ 58 ಡಿಗ್ರಿ ತೋರಿಸಿತು.

ತಂತಿಮನೆ

ಆ 58 ನಂಬಬೇಡಿ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಗನ್ ಸಾಮಾನ್ಯವಾಗಿ ಕಡಿಮೆ ತೋರಿಸುತ್ತದೆ. ಮಲ್ಟಿಮೀಟರಿನ ಜೊತೆ ಬರುವ ಕೆ-ಟೈಪ್ ಥರ್ಮೋಕಪಲ್ (ಬಿಸಿ ಅಳೆಯುವ ತಂತಿ) ತುದಿಯನ್ನು ಸ್ಲೀವಿನ ಒಳಗೆ ವೈರಿಗೆ ತಾಗಿಸಿಡಿ. ಅಳೆಯಬೇಕಾದದ್ದು ಓಡುವಾಗ ಅಲ್ಲ, ಇಂಜಿನ್ ಆಫ್ ಮಾಡಿದ 10–15 ನಿಮಿಷದ ಮೇಲೆ. ಫ್ಯಾನ್ ನಿಂತು, ಗಾಳಿ ನಿಂತು, ಬಾನೆಟ್ ಒಳಗಿನ ಬಿಸಿ ಆಗಲೇ ಏರುವುದು. ಎಕ್ಸ್‌ಎಲ್‌ಪಿಇ ವೈರಿಗೆ 100 ದಾಟದಿದ್ದರೆ ನಿಶ್ಚಿಂತೆ.

ಉಪ್ಪಿನಂಗಡಿ_1200

ವಾಪಸ್ ಬರುವಾಗ ಮಾರನಹಳ್ಳಿಯಲ್ಲಿ ನಿಲ್ಲಿಸಿ ಹಾಗೇ ಅಳೆದೆ: ಆಫ್ ಮಾಡಿದಾಗ 71, ಹನ್ನೆರಡನೇ ನಿಮಿಷಕ್ಕೆ 88, ಆಮೇಲೆ ಇಳಿಯಿತು.

ಕಾರ್ಬನ್‌ಮಸಿ

ಅದು ಇಳಿಜಾರಿನ ಲೆಕ್ಕ, ಹತ್ತಿ ಬಂದಾಗ ಇನ್ನೊಮ್ಮೆ ಅಳೆಯಿರಿ. ಜೊತೆಗೆ ಕಾರಿನ ಅಡಿಗೆ ಹೋಗಿ ಬ್ಯಾಟರಿಯಿಂದ ಸ್ಟಾರ್ಟರಿಗೆ ಹೋಗುವ ದಪ್ಪ ಕೇಬಲ್ ನೋಡಿ. ಶೀಲ್ಡ್ ಇಲ್ಲದ ದಿನಗಳಲ್ಲಿ ಅದೂ ಬೆಂದಿರಬಹುದು, ಮತ್ತು ಬಹುತೇಕ ಕಾರುಗಳಲ್ಲಿ ಅದಕ್ಕೆ ಫ್ಯೂಸೇ ಇರುವುದಿಲ್ಲ.