ನಾಯಿಯ ಸೊಂಟಕ್ಕೆ ಕೈರೊಪ್ರಾಕ್ಟಿಕ್ ಮಾಡಿಸಿದವರು ಇದ್ದೀರಾ?

ಬಿಜೈಯಿಂದ, ಪ್ರಶ್ನೆ:

ನಮ್ಮದು ಡ್ಯಾಶ್‌ಹುಂಡ್, ಗಂಡು, ಐದು ವರ್ಷ. ಹತ್ತು ದಿನದಿಂದ ಎತ್ತಿಕೊಂಡರೆ ಕುಂಯ್ ಅನ್ನುತ್ತಾನೆ. ಸೋಫಾ ಹತ್ತುವುದು ಬಿಟ್ಟಿದ್ದಾನೆ. ನಡೆಯುತ್ತಾನೆ, ಆದರೆ ನಿನ್ನೆಯಿಂದ ಹಿಂದಿನ ಕಾಲು ಸ್ವಲ್ಪ ಎಳೆದ ಹಾಗೆ ಕಾಣುತ್ತದೆ. ಮನೆಗೇ ಬಂದು ಕೈರೊಪ್ರಾಕ್ಟಿಕ್, ಅಂದರೆ ಬೆನ್ನೆಲುಬನ್ನು ಕೈಯಿಂದ ಒತ್ತಿ ತಿರುಗಿಸುವ ಚಿಕಿತ್ಸೆ, ಮಾಡುವವರ ನಂಬರ್ ಸಿಕ್ಕಿತು. ಬೆನ್ನೆಲುಬು ಜಾರಿದೆ, ಒಂದೇ ಸಲಕ್ಕೆ ಕೂರಿಸುತ್ತೇನೆ ಅಂತ ಫೋನಿನಲ್ಲೇ ಹೇಳಿದರು. ವಿಡಿಯೋ ನೋಡಿದರೆ ಟಕ್ ಅಂತ ಶಬ್ದ ಬರುತ್ತದೆ, ನಾಯಿ ಎದ್ದು ಬಾಲ ಅಲ್ಲಾಡಿಸುತ್ತದೆ. ಭಾನುವಾರ ಬನ್ನಿ ಅಂದಿದ್ದೇನೆ. ಮಂಗಳೂರು, ಉಡುಪಿ ಕಡೆ ಯಾರಾದರೂ ಮಾಡಿಸಿದ್ದರೆ ಅನುಭವ ಹೇಳಿ.

ಮಣಿಪಾಲದಿಂದ:

ಮೊದಲು ಭಾನುವಾರದವರಿಗೆ ಬೇಡ ಅನ್ನಿ. ಉಳಿದದ್ದು ಆಮೇಲೆ ಓದಿ.

ನಮ್ಮದೂ ಡ್ಯಾಶ್‌ಹುಂಡ್. ಹೆಣ್ಣು, ಆಗ ಆರು ವರ್ಷ. ಶುರುವಾದದ್ದು ಥೇಟ್ ಹೀಗೆಯೇ. ಹೊಟ್ಟೆಯಲ್ಲಿ ಗ್ಯಾಸ್ ಇರಬೇಕು ಅಂತ ನಾವು ಓಮದ ನೀರು ಕುಡಿಸಿದೆವು, ನಗಬೇಡಿ. ಪಕ್ಕದ ಮನೆಯವರು "ಪುತ್ತೂರಿಗೆ ಕರ್ಕೊಂಡು ಹೋಗಿ, ಅಲ್ಲಿ ಎಲುಬಿಗೆ ಕಟ್ಟು ಹಾಕ್ತಾರಲ್ಲ" ಅಂದರು. ಆ ಕಟ್ಟಿನ ಪುತ್ತೂರು ಆಂಧ್ರದ್ದು ಮಾರಾಯ್ರೆ, ನಮ್ಮ ಪುತ್ತೂರಲ್ಲ! ಕೊನೆಗೆ ಬಂದದ್ದು ಮನುಷ್ಯರಿಗೆ ಮಸಾಜ್ ಮಾಡುವ ಒಬ್ಬರು. ಕಾಲು ಗಂಟೆ ಒತ್ತಿದರು. ಸೊಂಟ ಒಮ್ಮೆ ತಿರುಗಿಸಿದರು. ಅವಳು ಕಿರುಚಿದ್ದು ಈಗಲೂ ನನ್ನ ಕಿವಿಯಲ್ಲಿ ಉಂಟು. ಅದಾಗಿ ಎರಡನೇ ದಿನ ಬೆಳಿಗ್ಗೆ ನೋಡಿದರೆ ಹಿಂದಿನ ಎರಡೂ ಕಾಲು ಬಿದ್ದುಹೋಗಿದ್ದವು. ತಿರುಗಿಸಿದ್ದರಿಂದಲೇ ಆಯಿತು ಅಂತ ಹೇಳಲಾರೆ, ಡಾಕ್ಟರೂ ಹಾಗೆ ಹೇಳಲಿಲ್ಲ. ಹೇಗೂ ಆಗುವುದಿತ್ತೋ ಏನೋ. ಆದರೆ ಸರಿಯಾಗುತ್ತದೆ ಅಂತ ಕಾಯುತ್ತಾ ಎರಡು ದಿನ ಸುಮ್ನೆ ಕಳೆದೆವು.

ಈ ಜಾತಿಗೆ ಕಾಲು ಗಿಡ್ಡವಾಗುವುದೂ ಬೆನ್ನು ಕೆಡುವುದೂ ಹುಟ್ಟಿನಿಂದ ಜೊತೆಯಾಗಿ ಬರುತ್ತವೆ. ಬೆನ್ನಿನ ಮಣಿಗಳ ನಡುವೆ ಮೆತ್ತೆಯ ಹಾಗೆ ಡಿಸ್ಕ್ ಇರುತ್ತದಲ್ಲ, ಅದರ ಒಳಗಿನದು ಜೆಲ್ಲಿ ಥರ ಮೆದುವಾಗಿರಬೇಕು. ಡ್ಯಾಶ್‌ಹುಂಡಿನಲ್ಲಿ ಅದು ಚಿಕ್ಕ ವಯಸ್ಸಿನಲ್ಲೇ ಒಣಗಿ ಸುಣ್ಣಗಟ್ಟುತ್ತದೆ. ಒಂದು ದಿನ ಒಡೆದು ಮೇಲಕ್ಕೆ ನುಗ್ಗಿ ಬೆನ್ನುಹುರಿಯನ್ನು ಒತ್ತುತ್ತದೆ. ಸುಮಾರು ನಾಲ್ಕರಲ್ಲಿ ಒಂದು ಡ್ಯಾಶ್‌ಹುಂಡಿಗೆ ಜೀವಮಾನದಲ್ಲಿ ಇದು ಬರುತ್ತದೆ, ಹೆಚ್ಚಾಗಿ 3ರಿಂದ 7 ವರ್ಷದೊಳಗೆ. ನಿಮ್ಮವನಿಗೆ ಇದೇ ಆಗಿದ್ದರೆ ಎಲುಬು ಜಾರಿಲ್ಲ, ಕೂರಿಸಲು ಏನೂ ಇಲ್ಲ. ಸುಕ್ರುಂಡೆ ಒಡೆದು ಹೂರಣ ಹೊರಗೆ ಬಂದರೆ ಒತ್ತಿ ಒಳಗೆ ಕಳಿಸಲು ಆಗುತ್ತದಾ? ಇನ್ನು ಆ ಟಕ್ ಶಬ್ದ. ನಾವು ಬೆರಳಿನ ನೆಟಿಕೆ ತೆಗೆದಾಗ ಬರುತ್ತದಲ್ಲ, ಅದೇ. ಕೀಲಿನ ನೀರಿನಲ್ಲಿ ಗಾಳಿಗುಳ್ಳೆ ಆಗುವ ಶಬ್ದ. ಎಲುಬು ಜಾಗಕ್ಕೆ ಬಂದ ಶಬ್ದ ಅಲ್ಲ.

ಡಾಕ್ಟರು ಮೊದಲು ಮಾಡಿದ್ದು ಅವಳ ಹಿಂಗಾಲಿನ ಬೆರಳನ್ನು ಜೋರಾಗಿ ಚಿಮುಟಿದ್ದು. ಅವಳು ತಿರುಗಿ ನೋಡಿದಳು. ಡಾಕ್ಟರ ಮುಖ ಸ್ವಲ್ಪ ಸಡಿಲವಾಯಿತು. ಆ ನೋವೂ ಗೊತ್ತಾಗದಿದ್ದರೆ ಒಂದೆರಡು ದಿನದೊಳಗೆ ಆಪರೇಷನ್ ಆಗಬೇಕಿತ್ತಂತೆ, ತಡವಾದಷ್ಟೂ ನಡೆಯುವ ಆಸೆ ಕಡಿಮೆ. ಮಾಮೂಲಿ ಎಕ್ಸ್‌ರೇಯಲ್ಲಿ ಬೆನ್ನುಹುರಿ ಕಾಣುವುದಿಲ್ಲ, ಎಂಆರ್‌ಐ ಬೇಕು. ಅದಕ್ಕೆ ಬೆಂಗಳೂರು ಅಂದರು. ಆ ಬೆನ್ನಿಟ್ಟುಕೊಂಡು ಶಿರಾಡಿ ಘಾಟಿ! ನೋವು ಗೊತ್ತಾಗುತ್ತದೆ, ಮೊದಲು ಓಡಾಡದ ಹಾಗೆ ಪಂಜರದಲ್ಲಿಟ್ಟು ನೋಡುವ ಅಂತ ಅವರೇ ಹೇಳಿದ್ದರಿಂದ ಉಳಿದೆವು.

ಆರು ವಾರ ಪಂಜರ. ಔಷಧಿಗಿಂತ ಕಷ್ಟ ಅದು. ಅವಳಿಗೆ ಉಚ್ಚೆ ತಾನಾಗಿ ಬರುತ್ತಿರಲಿಲ್ಲ. ದಿನಕ್ಕೆ ನಾಲ್ಕು ಸಲ ಹೊಟ್ಟೆ ಒತ್ತಿ ತೆಗೆಯಬೇಕು, ಹೇಗೆ ಅಂತ ಡಾಕ್ಟರು ನನ್ನ ಕೈ ಹಿಡಿದು ಕಲಿಸಿದರು. ಹೊರಗೆ ಕರೆದುಕೊಂಡು ಹೋಗುವಾಗ ಹೊಟ್ಟೆಯಡಿ ಬೈರಾಸು ಹಾಕಿ ಸೊಂಟ ಎತ್ತಿ ಹಿಡಿಯುವುದು. ಮೂರನೇ ವಾರ ಬಾಲ ಅಲ್ಲಾಡಿತು. ಈಗ ನಡೆಯುತ್ತಾಳೆ, ಕುಡಿದವರ ಹಾಗೆ ಸ್ವಲ್ಪ ವಾಲಿಕೊಂಡು.

ಹಾಂ, ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಕೊಡಬೇಡಿ. ಈಗಾಗಲೇ ಯಾರಾದರೂ ಸ್ಟಿರಾಯ್ಡ್ ಕೊಟ್ಟಿದ್ದರೆ ಹೊಸ ಡಾಕ್ಟರಿಗೆ ಹೇಳಲೇಬೇಕು. ಅದರ ಜೊತೆ ಮೆಲಾಕ್ಸಿಕಾಮ್ ಥರದ ನೋವಿನ ಮಾತ್ರೆ ಸೇರಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಬರಬಹುದು.

ಕಾರ್ಕಳದಿಂದ:

ನಾಯಿ ವಿಷಯ ನನಗೆ ಗೊತ್ತಿಲ್ಲ, ಹಟ್ಟಿಯದ್ದು ಹೇಳುತ್ತೇನೆ. ಕರು ಹಾಕಿ ಎರಡನೇ ದಿನ ನಮ್ಮ ದನ ಏಳಲೇ ಇಲ್ಲ. ಸೊಂಟ ಹೋಗಿದೆ ಅಂತ ಎಲ್ಲರೂ ತೀರ್ಮಾನಿಸಿ ಆಯಿತು. ನಾಲ್ಕು ಜನ ಸೇರಿ ಎತ್ತಿ ನೋಡಿದೆವು, ಎಣ್ಣೆ ತಿಕ್ಕಿದೆವು. ಅದು ಕುತ್ತಿಗೆ ಒಂದು ಬದಿಗೆ ತಿರುಗಿಸಿ ಮಲಗಿತ್ತು, ಕಿವಿ ತಣ್ಣಗೆ. ಕೊನೆಗೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿದೆವು. ಬಂದ ಡಾಕ್ಟರು ಸೊಂಟ ಮುಟ್ಟಲೇ ಇಲ್ಲ. ಕ್ಯಾಲ್ಸಿಯಂ ಬಾಟ್ಲಿ ನಿಧಾನಕ್ಕೆ ರಕ್ತನಾಳಕ್ಕೆ ಬಿಟ್ಟರು. ಸ್ವಲ್ಪ ಹೊತ್ತಿನಲ್ಲೇ ಎದ್ದು ನಿಂತಿತು. ಹಾಲು ಜ್ವರ ಅಂತೆ, ಅಂದರೆ ಕರು ಹಾಕಿದ ಮೇಲೆ ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯುವುದು. ಹೆಸರಲ್ಲಿ ಮಾತ್ರ ಜ್ವರ, ಮೈ ತಣ್ಣಗೇ ಇರುತ್ತದೆ.

ಕಂಬಳದ ಕೋಣಕ್ಕೆ ಎಣ್ಣೆ ತಿಕ್ಕುವುದನ್ನು ನೋಡಿ ಬೆಳೆದವರು ನಾವು. ಕೈಯ ಗುಣ ಇಲ್ಲ ಅಂತ ಅಲ್ಲ. ತಿಕ್ಕುವುದು ಬೇರೆ, ಮುರಿಯುವುದು ಬೇರೆ.

ಸುರತ್ಕಲ್‌ನಿಂದ:

ಎಲ್ಲರೂ ಹೆದರಿಸುತ್ತಿದ್ದೀರಿ, ನಾನು ಮಾಡಿಸಿದವನು. ನಮ್ಮ ಲ್ಯಾಬ್ರಡಾರ್‌ಗೆ ಆಗ 11 ವರ್ಷ. ಸೊಂಟದ ಕೀಲು ಸವೆದದ್ದು ಎಕ್ಸ್‌ರೇಯಲ್ಲಿ ಗೊತ್ತಾಗಿತ್ತು. ಕೆಲಸದ ಮೇಲೆ ಪುಣೆಯಲ್ಲಿದ್ದೆವು. ಅಲ್ಲಿ ಒಬ್ಬರು ಪಶುವೈದ್ಯರೇ ಇದನ್ನು ಹೊರಗೆ ಕಲಿತು ಬಂದಿದ್ದರು. ಟಕ್ ಗಿಕ್ ಏನೂ ಇಲ್ಲ. ಮಣಿ ಮಣಿಯಾಗಿ ಬೆರಳಲ್ಲಿ ಮುಟ್ಟಿ ನೋಡಿ ಸಣ್ಣಗೆ ತಳ್ಳುವುದು ಅಷ್ಟೇ. ಅವತ್ತು ರಾತ್ರಿ ಅವನು ಚೆನ್ನಾಗಿ ಮಲಗುತ್ತಿದ್ದ. ಆದರೆ ಪ್ರಾಮಾಣಿಕವಾಗಿ ಹೇಳಬೇಕಲ್ಲ. ಅದೇ ವರ್ಷ ಅವನ ತೂಕ 41 ಕಿಲೋದಿಂದ 34ಕ್ಕೆ ಇಳಿಸಿದ್ದೆವು, ನೋವಿನ ಮಾತ್ರೆ ಇತ್ತು, ಟೈಲ್ಸ್ ಮೇಲೆಲ್ಲ ಚಾಪೆ ಹಾಸಿದ್ದೆವು. ಯಾವುದು ಕೆಲಸ ಮಾಡಿತು? ನನ್ನ ವೋಟು ತೂಕಕ್ಕೆ.

ಮನುಷ್ಯರ ಕೈರೊಪ್ರಾಕ್ಟಿಕ್ ಶುರುವಾದದ್ದೇ 1895ರಲ್ಲಿ, ಅಮೆರಿಕದ ಅಯೋವಾದಲ್ಲಿ ಡಿ.ಡಿ. ಪಾಮರ್ ಎಂಬವರಿಂದ. ಪ್ರಾಣಿಗಳಿಗೆ ಇದನ್ನು ಮಾಡುವವರ ಸಂಘ ಅಲ್ಲಿ ಆದದ್ದು 1989ರಲ್ಲಿ. ಕುದುರೆಗಳ ಮೇಲೆ ಒಂದಿಷ್ಟು ಅಧ್ಯಯನ ಆಗಿದೆ, ಬೆನ್ನು ನೋವು ಸ್ವಲ್ಪ ಇಳಿದದ್ದು ಕಂಡಿದೆ. ನಾಯಿಗಳಲ್ಲಿ ಪುರಾವೆ ತೀರಾ ತೆಳು. ಡಿಸ್ಕ್ ಒಡೆದ ನಾಯಿಗೆ ಬೆನ್ನು ತಿರುಗಿಸುವುದಂತೂ ಸಲ್ಲ.

ಬಿಜೈಯವರೇ, ಬರುವವರ ನೋಂದಣಿ ಸಂಖ್ಯೆ ಕೇಳಿದ್ದೀರಾ? 1984ರ ಪಶುವೈದ್ಯಕೀಯ ಪರಿಷತ್ ಕಾಯ್ದೆ ಪ್ರಕಾರ ನೋಂದಣಿ ಇಲ್ಲದವರು ಪಶುವೈದ್ಯ ವೃತ್ತಿ ಮಾಡುವ ಹಾಗಿಲ್ಲ. ಮುಟ್ಟದೆ, ನೋಡದೆ, ಫೋನಿನಲ್ಲೇ ಎಲುಬು ಜಾರಿದೆ ಅಂದವರ ಮೇಲೆ ನನಗಂತೂ ನಂಬಿಕೆ ಬರುವುದಿಲ್ಲ.

ಕಂಕನಾಡಿಯಿಂದ:

ಬೆಕ್ಕು ಸಾಕಿದವರೂ ಇದನ್ನು ಓದುತ್ತಿರಬಹುದು. ಹಿಂದಿನ ಕಾಲು ಏಕಾಏಕಿ ಬಿದ್ದು, ಪಾದ ತಣ್ಣಗಾಗಿ, ಬೆಕ್ಕು ಕೂಗಾಡಿದರೆ ಉಳುಕು ಅಂದುಕೊಳ್ಳಬೇಡಿ. ಹೃದಯದ ಕಾಯಿಲೆಯಿಂದ ರಕ್ತ ಹೆಪ್ಪುಗಟ್ಟಿ ಕಾಲಿನ ನಾಳ ಮುಚ್ಚಿರಬಹುದು. ನಾವು ಒಂದು ಗಂಟೆ ಕಾಲು ತಿಕ್ಕುತ್ತಾ ಕೂತೆವು. ನಮ್ಮ ಬೆಕ್ಕು ಉಳಿಯಲಿಲ್ಲ.

ಬಿಜೈಯಿಂದ:

ಎಲ್ಲರಿಗೂ ಥ್ಯಾಂಕ್ಸ್. ಭಾನುವಾರದವರಿಗೆ ಬೇಡ ಅಂದೆ. ನಿಮ್ಮ ನಾಯಿ, ನಿಮ್ಮಿಷ್ಟ ಅಂದರು. ಇವತ್ತು ಡಾಕ್ಟರ ಹತ್ತಿರ ಹೋಗಿ ಬಂದೆವು. ಹಿಂದಿನ ಪಾದವನ್ನು ಮಗುಚಿ ನೆಲಕ್ಕಿಟ್ಟರೆ ಅವನು ಸರಿ ಮಾಡಿಕೊಳ್ಳುವುದು ತಡ. ಡಿಸ್ಕ್ ಇರಬೇಕು ಅಂದರು. ಉಣ್ಣಿ ಜ್ವರದಲ್ಲೂ ಕಾಲು ಸೋಲುತ್ತದೆ ಅಂತ ರಕ್ತವನ್ನೂ ತೆಗೆದಿದ್ದಾರೆ. ಆರು ವಾರ ಪಂಜರ. ಕಾಲು ಬಿದ್ದರೆ ರಾತ್ರಿಯಾದರೂ ಫೋನ್ ಮಾಡಿ ಅಂದರು. ಎತ್ತುವಾಗ ಒಂದು ಕೈ ಎದೆಗೆ, ಇನ್ನೊಂದು ಸೊಂಟದಡಿಗೆ ಕೊಡಬೇಕಂತೆ. ನಾವು ಇಷ್ಟು ದಿನ ಕಂಕುಳಲ್ಲಿ ಹಿಡಿದು ಮಗುವಿನ ಹಾಗೆ ಎತ್ತುತ್ತಿದ್ದೆವು. ಈಗ ಕಷ್ಟ ಒಂದೇ. ಪಂಜರಕ್ಕೆ ಹಾಕಿದ್ದೇ ಹಾಕಿದ್ದು, ಕೂಗು ನಿಲ್ಲುತ್ತಿಲ್ಲ. ಎಂಥ ಮಾಡುವುದು?

ಮಣಿಪಾಲದಿಂದ:

ಬೇರೆ ಕೋಣೆಯಲ್ಲಿ ಇಟ್ಟಿದ್ದೀರಿ ಅಲ್ವಾ? ನೀವು ಕೂರುವ ಕಡೆ ತಂದಿಡಿ. ನಮ್ಮವಳದ್ದು ಅಡುಗೆಮನೆ ಬಾಗಿಲಲ್ಲಿತ್ತು, ಮೇಲೆ ಅಮ್ಮನ ಹಳೆ ಸೀರೆ ಹೊದಿಸಿ. ಮೂರು ರಾತ್ರಿ ಕೂಗಿದಳು, ನಾಲ್ಕನೇ ರಾತ್ರಿ ಮಲಗಿದಳು. ಬೂತಾಯಿ ಮೀನು ಹುರಿಯುವ ದಿನ ಮಾತ್ರ ಪಂಜರವನ್ನು ಚಾವಡಿಗೆ ಸಾಗಿಸಬೇಕಾಗುತ್ತಿತ್ತು.